ತಿಳಿ ಸೂಪು

ಜನವರಿ 9

ಅಮ್ಮನವರಿಗೆ,

ವರ್ಷಕ್ಕೊಂದು ಕಾಗದ ಬರೆಯುವವಳು ಜೂನಿನಲ್ಲಿ ಬರೆದು ಮತ್ತೆ ಈಗಲೇ ಬರೆದಳಲ್ಲ ಎಂದು ಗಾಬರಿಯಾಗಬೇಡಿ. ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಎಂದರೆ ಇಬ್ಬರು. ಒಂದು ಸಣ್ಣ ವಿಷಯ ಕೇಳುವುದಿತ್ತು. ಸೂಪನ್ನು ರುಚಿಯಾಗಿ ಮಾಡುವುದು ಹೇಗೆ?

ಮಾಡಲು ನನಗೆ ಬರುವುದೇ ಇಲ್ಲ ಎಂದಲ್ಲ. ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ ಹೆಚ್ಚಿ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸುತ್ತೇನೆ. ಸೌಟಿನ ಬೆನ್ನಿನಿಂದ ಮಸೆದು, ಎರಡು ಚಮಚ ಮೈದಾ ನೀರಿನಲ್ಲಿ ಕದಡಿ ಹಾಕಿ, ಉಪ್ಪು ಬೆರೆಸಿ ಕುದಿಸುತ್ತೇನೆ. ಗಟ್ಟಿಯಾಗಿಯೇ ಬರುತ್ತದೆ. ಬಣ್ಣ ಮಾತ್ರ ಸುಣ್ಣ ಕಾಣದ ಗೋಡೆಯದು. ಅಪ್ಪ ಎರಡು ಚಮಚ ತಿಂದು ಬಟ್ಟಲು ಸರಿಸುತ್ತಾರೆ. "ಗಂಟಲಲ್ಲಿ ಇಳಿಯಲ್ಲ" ಅನ್ನುತ್ತಾರೆ.

ಈ ಮಾತು ನಿಮಗೆ ಹೊಸದಲ್ಲ, ನನಗೆ ಗೊತ್ತು. ನೀವು ಹೋದ ಮೇಲೆ ಅಪ್ಪನೇ ಅಡುಗೆ ಮಾಡುತ್ತಿದ್ದರು. ತಾವು ಮಾಡಿದ್ದನ್ನೂ ಒಂದು ತುತ್ತು ಬಾಯಿಗಿಟ್ಟು ಹಾಗೇ ಅನ್ನುತ್ತಿದ್ದರು, ಅಂದು ತಟ್ಟೆ ಖಾಲಿ ಮಾಡುತ್ತಿದ್ದರು. ಈಗ ಖಾಲಿ ಮಾಡುವುದಿಲ್ಲ. ಅಷ್ಟೇ ವ್ಯತ್ಯಾಸ.

ಅಪ್ಪ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲಿದ್ದಾರೆ. ಗಟ್ಟಿ ಊಟ ಬಿಟ್ಟಿದ್ದಾರೆ, ಹಾಗಾಗಿ ಸೂಪೇ ಊಟ. ಪ್ರೆಸ್ಸಿನ ಮಾಲೀಕರು ನಾನು ತಿದ್ದುವ ಪ್ರೂಫನ್ನು ಮಧ್ಯಾಹ್ನದ ಮೇಲೆ ಮನೆಗೆ ಒಯ್ಯಲು ಒಪ್ಪಿದ್ದಾರೆ. ಕಿಟಕಿಯ ಪಕ್ಕ ಅಪ್ಪ, ಮೇಜಿನ ಹತ್ತಿರ ನಾನು. ಅವರ ಬೆಲ್ಟಿಗೆ ಮೊಳೆ ಕಾಯಿಸಿ ಮೂರು ಹೊಸ ತೂತು ಮಾಡಿದ್ದೇನೆ. ನಾಲ್ಕನೆಯದು ಮಾಡುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಇಂತಿ,
ನಿಮ್ಮ ಮಗಳು


ಜನವರಿ 18

ಇಣುಕಿ,

"ಅಮ್ಮನವರಿಗೆ" ಎಂದು ಓದಿ, ಇನ್ಯಾರದೋ ಕಾಗದ ತಪ್ಪಿ ಬಂದಿದೆ ಎಂದು ವಿಳಾಸವನ್ನು ಎರಡು ಸಲ ನೋಡಿದೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಹುಡುಗಿಗೆ ನಾನಿಟ್ಟ ಹೆಸರು ಇಣುಕಿ. ನಿನಗೆ ಇಪ್ಪತ್ತನಾಲ್ಕಾದರೂ ನಾನು ಅದನ್ನು ಬಿಡುವವಳಲ್ಲ.

ಆ ಮನುಷ್ಯ ಇನ್ನೂ ಆ ಮಾತು ಬಿಟ್ಟಿಲ್ಲ ಅನ್ನು. ನಾನು ಅದನ್ನು ಮೊದಲು ಕೇಳಿದ್ದು ಮದುವೆಯಾದ ನಾಲ್ಕನೇ ದಿನ. ಹೊಸಬಳು ನೋಡು, ನಿಜವಾಗಿ ಏನೋ ಸಿಕ್ಕಿಕೊಂಡಿದೆ ಎಂದು ಹೆದರಿ ನೀರಿನ ಲೋಟ ಹಿಡಿದು ಓಡಿದೆ. ಕಾರ್ಖಾನೆಯ ಮೂವರು ಗೆಳೆಯರು ಊಟಕ್ಕೆ ಕೂತಿದ್ದರು. ನಾಲ್ವರೂ ನಕ್ಕರು. ಆಮೇಲೆ ನಾನು ಓಡಲಿಲ್ಲ. ಹದಿನಾಲ್ಕು ವರ್ಷ ನಾನು ಮಾಡಿದ್ದು ಒಂದೂ ಇಳಿಯಲಿಲ್ಲ, ತೂಕ ಮಾತ್ರ ವರ್ಷವರ್ಷವೂ ಏರಿತು. ಇಲ್ಲಿ ಶಾಲೆಯ ಹಾಸ್ಟೆಲಿನಲ್ಲಿ ನೂರ ಅರವತ್ತು ಹುಡುಗಿಯರಿಗೆ ಬೇಯಿಸುತ್ತೇನೆ. ಇವತ್ತಿನವರೆಗೆ ಒಬ್ಬಳ ಬಾಯಲ್ಲೂ ಆ ಮಾತು ಕೇಳಿಲ್ಲ.

ಸರಿ, ಕೇಳಿದ್ದೀಯ, ಹೇಳುತ್ತೇನೆ. ಮೈದಾ ಹಾಕುವುದನ್ನು ಮೊದಲು ನಿಲ್ಲಿಸು. ಅದು ಸೂಪಲ್ಲ, ಗೋಂದು. ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸಬಹುದು. ಗಟ್ಟಿಯಾದಷ್ಟೂ ರುಚಿ ಒಳಗೇ ಹೂತುಹೋಗುತ್ತದೆ. ಕುಕ್ಕರನ್ನೂ ಬಿಡು, ಸೀಟಿಯ ಜೊತೆ ಪರಿಮಳವೂ ಹಾರಿಹೋಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಬೆಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು ಹಾಕಿ ಮುಚ್ಚಿಡು. ಉರಿ ಎಷ್ಟು ಸಣ್ಣಗಾಗುತ್ತದೋ ಅಷ್ಟು. ಇಪ್ಪತ್ತು ನಿಮಿಷ ಬೇಕು. ಈರುಳ್ಳಿ ಕೆಂಪಾಗಬಾರದು, ಸೋತು ಮೆತ್ತಗಾಗಬೇಕು. ಆಮೇಲೆ ಬೆಳ್ಳುಳ್ಳಿ, ಆಮೇಲೆ ತರಕಾರಿ, ಕೊನೆಗೆ ಬಿಸಿನೀರು. ಉಪ್ಪನ್ನು ಒಂದೇ ಸಲ ಸುರಿಯಬೇಡ, ಮೂರು ಸಲ ಹಾಕು, ಮೂರು ಸಲವೂ ನಾಲಗೆಗೆ ಇಟ್ಟು ನೋಡು. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ, ಆಗಷ್ಟೇ ಪುಡಿ ಮಾಡಿದ ಕಾಳುಮೆಣಸು.

ಮನೆಯಲ್ಲಿ ಹೇಗಿದ್ದೀರಿ ಎಂದು ನಾನು ಕೇಳುವುದಿಲ್ಲ. ಹೇಳುವುದಿದ್ದರೆ ನೀನೇ ಹೇಳುತ್ತೀಯ.

ಅಮ್ಮ


ಜನವರಿ 27

ಅಮ್ಮನಿಗೆ,

ಈ ಸಲ "ನವರು" ತೆಗೆದಿದ್ದೇನೆ.

ಈರುಳ್ಳಿಗೆ ಇಪ್ಪತ್ತು ನಿಮಿಷ ಎಂದು ನೀವು ಬರೆದಿದ್ದು ಕೈತಪ್ಪು, ಎರಡು ಇರಬೇಕು ಎಂದುಕೊಂಡಿದ್ದೆ. ದಿನವಿಡೀ ಬೇರೆಯವರ ತಪ್ಪು ಹುಡುಕುವ ಕೆಲಸ, ಅಭ್ಯಾಸ ಬಿಡುವುದಿಲ್ಲ. ಆದರೂ ಇಪ್ಪತ್ತೇ ಇಟ್ಟೆ. ಹನ್ನೆರಡನೇ ನಿಮಿಷಕ್ಕೆ ಮನೆಯ ವಾಸನೆ ಬದಲಾಯಿತು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅಪ್ಪ ಅಡುಗೆಮನೆಯ ಕಡೆ ತಿರುಗಿದರು. ಎರಡು ತಿಂಗಳಲ್ಲಿ ಅವರು ತಾವಾಗಿ ಯಾವುದರ ಕಡೆಗೂ ತಿರುಗಿದ್ದನ್ನು ನಾನು ನೋಡಿರಲಿಲ್ಲ.

ಒಂಬತ್ತು ಚಮಚ ತಿಂದರು. ಹತ್ತನೆಯದಕ್ಕೆ "ಇಳಿಯಲ್ಲ" ಅಂದರು. ತೆಳ್ಳಗೆ ಮಾಡಿದ್ದು ಬೇಗ ಹೋಗುತ್ತದೆ, ಆದರೆ ಕೆಮ್ಮುತ್ತಾರೆ. ನನ್ನ ಕೈಯಿಂದ ಮೆಣಸು ಜಾಸ್ತಿ ಬಿದ್ದಿರಬೇಕು. ತರಕಾರಿಯ ಸಣ್ಣ ಚೂರುಗಳೂ ನಾಲಗೆಗೆ ಸಿಗುತ್ತವೇನೋ. ಅದಕ್ಕೆ ಏನು ಮಾಡಲಿ?

ಭಾನುವಾರ ಫಿಟ್ಟರ್ ಮಾವ ಬಂದಿದ್ದರು. ನಿಮಗೆ ನೆನಪಿರಬಹುದು, ಕಾರ್ಖಾನೆಯಲ್ಲಿ ಅಪ್ಪನ ಲೇತ್ ಯಂತ್ರದ ಪಕ್ಕದಲ್ಲೇ ಇಪ್ಪತ್ತು ವರ್ಷ ನಿಂತು ಕೆಲಸ ಮಾಡಿದವರು. ಒಂದು ಲೋಟ ಸೂಪು ಕೊಟ್ಟೆ. ಕುಡಿದು, ನೀನು ಲೇತಿನಲ್ಲಿ ಕಡೆದ ಶಾಫ್ಟಿಗಿಂತ ಇದು ನುಣುಪಾಗಿದೆ ಮಾರಾಯ ಎಂದು ಅಪ್ಪನನ್ನು ರೇಗಿಸಿದರು. ಹೊರಡುವಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ, ಅಮ್ಮನಿಗೆ ಬರೆದೆಯಾ ಎಂದು ಕೇಳಿದರು. ಸೂಪಿನ ಬಗ್ಗೆ ಮಾತ್ರ ಬರೆದೆ ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ನಿಮ್ಮ ಮಗಳು


ಫೆಬ್ರವರಿ 5

ಇಣುಕಿ,

ಒಂಬತ್ತು ಚಮಚ ಎಂದು ಎಣಿಸಿ ಬರೆದಿದ್ದೀಯಲ್ಲ, ಅದನ್ನು ಓದಿ ನನಗೇಕೋ ನಗು ಬಂತು. ಜೊತೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಏನಮ್ಮಾ ಎಂದಳು. ಏನಿಲ್ಲ, ಮಗಳು ಅಡುಗೆ ಕಲಿಯುತ್ತಿದ್ದಾಳೆ ಎಂದೆ. ನನಗೊಬ್ಬಳು ಮಗಳಿದ್ದಾಳೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೆಣಸು ಬಿಟ್ಟುಬಿಡು. ಚೂರು ಸಿಗುತ್ತದೆ ಅನ್ನುವುದಾದರೆ ಚೂರೇ ಇಲ್ಲದ ತಿಳಿ ಸೂಪು ಮಾಡು. ಅದು ಎಲ್ಲರ ಕೈಗೆ ಬರುವುದಿಲ್ಲ, ನಿನಗೆ ಬರುತ್ತದೆ, ನಿನಗೆ ತಾಳ್ಮೆ ಇದೆ. ಮಾಂಸದಂಗಡಿಯಲ್ಲಿ ಕೋಳಿಯ ಬೆನ್ನೆಲುಬು ಕೇಳು. ಕಾವಲಿಯ ಮೇಲೆ ಬಣ್ಣ ಬರುವಷ್ಟು ಹುರಿ. ತಣ್ಣೀರಿನಲ್ಲಿ ಶುರು ಮಾಡಬೇಕು, ಬಿಸಿನೀರಲ್ಲ. ಅರ್ಧ ಈರುಳ್ಳಿಯನ್ನು ಸಿಪ್ಪೆಸಮೇತ ಸುಟ್ಟು ಹಾಕಿದರೆ ಬಣ್ಣ ಬರುತ್ತದೆ. ಕ್ಯಾರೆಟ್ ಒಂದು. ಪಾತ್ರೆ ಮುಗುಳ್ನಗಬೇಕು, ಕೇಕೆ ಹಾಕಬಾರದು. ಕೊತಕೊತ ಕುದಿಸಿದರೆ ಎಲ್ಲಾ ಕದಡಿಹೋಗುತ್ತದೆ. ನೊರೆ ಬಂದ ಹಾಗೆ ತೆಗೆಯುತ್ತಿರು. ಮೂರು ಗಂಟೆ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಸೋಸು. ಹಿಂಡಬೇಡ, ತಾನಾಗಿ ಇಳಿಯಲಿ. ಆರಿದ ಮೇಲೆ ಮೇಲಿನ ಜಿಡ್ಡು ತೆಗೆದು ಮತ್ತೆ ಬಿಸಿ ಮಾಡು. ಬಟ್ಟಲಿನ ತಳದಲ್ಲಿರುವ ಹೂವಿನ ಚಿತ್ರ ಕಾಣಬೇಕು, ಅಷ್ಟು ತಿಳಿ. ಅದಕ್ಕೂ ಇಳಿಯಲ್ಲ ಅಂದರೆ ನಿಮ್ಮಪ್ಪನಿಗೆ ಗಂಟಲೇ ಇಲ್ಲ ಎಂದು ತಿಳಿದುಕೊ.

ನಾನು ಮನೆ ಬಿಟ್ಟ ದಿನ ನಿನಗೆ ಹದಿಮೂರು. ನೀನು ಬಾಗಿಲ ಹಿಂದೆ ಇದ್ದೆ, ನನಗೆ ಗೊತ್ತಿತ್ತು. ಅವತ್ತು ನಿಮ್ಮಪ್ಪ ಹೇಳಿದ್ದೂ ಅದೇ ಮಾತು, ಹೊಸದೇನಲ್ಲ. ನೀನು ಅದಕ್ಕೆ ಕಿಸಕ್ಕನೆ ನಕ್ಕೆ. ನಿನ್ನ ಮೇಲೆ ಸಿಟ್ಟಿಲ್ಲ, ಮಕ್ಕಳು ನಗುತ್ತವೆ. ಆದರೆ ಆ ಮನೆಯಲ್ಲಿ ನಗುವವರ ಸಂಖ್ಯೆ ಹೆಚ್ಚುತ್ತಿದೆ ಅನ್ನಿಸಿತು.

ನಿಮ್ಮಪ್ಪ ಏನಾದರೂ ಕೇಳಿದರಾ? ನೀನು ಇನ್ನೇನಾದರೂ ಬರೆಯುವುದು ಮರೆತಿದ್ದೀಯಾ?

ಅಮ್ಮ


ಫೆಬ್ರವರಿ 13

ಅಮ್ಮಾ,

ಆ ನಗು ನನಗೂ ನೆನಪಿದೆ. ಹನ್ನೊಂದು ವರ್ಷ ನೀವು ಅದನ್ನು ಕೇಳಿಸಿಕೊಂಡಿರಲಾರಿರಿ ಎಂದು ನಂಬಿಕೊಂಡಿದ್ದೆ.

ತಿಳಿ ಸೂಪು ಬಂತು. ಮೊದಲ ಸಲ ಕದಡಿತು, ಎರಡನೇ ಸಲ ಹೂವು ಕಂಡಿತು. ಅಪ್ಪನ ಬಿಳಿ ಕರವಸ್ತ್ರದಲ್ಲೇ ಸೋಸಿದೆ. ಮೊದಲ ಚಮಚ ಬಾಯಲ್ಲಿಟ್ಟುಕೊಂಡು ಅಪ್ಪ ಕಣ್ಣು ಮುಚ್ಚಿದರು. ತುಂಬ ಹೊತ್ತು ನುಂಗಲೇ ಇಲ್ಲ. ಆಮೇಲೆ "ನಿಮ್ಮಮ್ಮ" ಅಂದರು. ನಾನು ಏನೂ ಹೇಳಿರಲಿಲ್ಲ, ನಿಜವಾಗಿ. "ಮ" ಅಕ್ಷರ ಅವರಿಗೆ ಈಗಲೂ ಸರಿಯಾಗಿ ಬರುತ್ತದೆ.

"ಈಗಲೂ" ಎಂದು ಬರೆದುಬಿಟ್ಟೆ. ಪ್ರೂಫಾಗಿದ್ದರೆ ಹೊಡೆದುಹಾಕುತ್ತಿದ್ದೆ. ಹೊಡೆಯುವುದಿಲ್ಲ, ಹೇಳಿಬಿಡುತ್ತೇನೆ. ನವೆಂಬರ್ ಹನ್ನೊಂದಕ್ಕೆ ಅಪ್ಪ ಲೇತಿನ ಮುಂದೆಯೇ ಕುಸಿದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋಗಿವೆ. ಬಾಯಿ ಒಂದು ಕಡೆ ವಾಲಿದೆ. ಮಾತು ಅರ್ಧ ಬಂದಿದೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಡಾಕ್ಟರು ಕೊಟ್ಟ ಚೀಟಿಯಲ್ಲಿ "ಮೃದು ಆಹಾರ, ಸೂಪು ಇತ್ಯಾದಿ" ಎಂದಿತ್ತು. ನಿಮಗೆ ತಿಳಿಸಕೂಡದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, "ಅವಳು ಕನಿಕರಕ್ಕೆ ಬರೋದು ಬೇಡ" ಅಂದರು. ಆ ಒಂದು ವಾಕ್ಯಕ್ಕೆ ಐದು ನಿಮಿಷ ಹಿಡಿಯಿತು, ಅದಕ್ಕೇ ಮೀರಲಾಗಲಿಲ್ಲ.

ಈಗ ಮೀರಿದೆ, ಯಾಕೆಂದರೆ ನಿನ್ನೆ ಅವರು ಬಟ್ಟಲು ಪೂರ್ತಿ ಮುಗಿಸಿದರು. ನಾಲ್ಕು ದಿನದಿಂದ ದಿನಕ್ಕೆ ಎರಡು ಬಟ್ಟಲು ಕೊಡುತ್ತಿದ್ದೇನೆ. ನಿನ್ನೆ ಕುಡಿದಾದ ಮೇಲೆ ಕಣ್ಣಿಂದ ನೀರು ಧಾರೆಯಾಗಿ ಸುರಿಯಿತು, ಮುಖ ಕೆಂಪಾಯಿತು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನಾನು ನೋಡಬಾರದೆಂದು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಕೆಮ್ಮು ಇನ್ನೂ ಇದೆ, ಸಂಜೆಯ ಹೊತ್ತಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತದೆ. ಚಳಿಗಾಲ ಮುಗಿಯಲಿ, ಸರಿಹೋಗುತ್ತದೆ.

ಅಮ್ಮಾ, ನಿನಗೆ ಕೋಪ ಬಂದರೆ ನನ್ನ ಮೇಲೆ ಬರಲಿ.

ಇಣುಕಿ


ಫೆಬ್ರವರಿ 19

ಇಣುಕಿ,

ತಿಳಿ ಸೂಪು ನಿಲ್ಲಿಸು. ನೀರೂ ತೆಳ್ಳಗೆ ಕೊಡಬೇಡ. ಇದು ತಲುಪುವ ಮೊದಲು ತಂತಿ ತಲುಪಿರುತ್ತದೆ, ಈಗಷ್ಟೇ ಕೊಟ್ಟು ಬಂದೆ. ತಂತಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತೇನೆ.

ನಿನ್ನ ಕಾಗದವನ್ನು ಶಾಲೆಯ ನರ್ಸಮ್ಮನಿಗೆ ಓದಿ ಹೇಳಿದೆ. ಕಣ್ಣೀರು, ಕೆಮ್ಮು, ಸಂಜೆಯ ಜ್ವರ ಎಂದದ್ದೇ ಆಕೆ ಕುರ್ಚಿಯಿಂದ ಎದ್ದರು. ಪಾರ್ಶ್ವವಾಯು ಆದವರ ಗಂಟಲೂ ಅರ್ಧ ಸತ್ತಿರುತ್ತದಂತೆ. ತೆಳ್ಳಗಿದ್ದದ್ದು ಓಡುತ್ತದೆ, ಗಂಟಲು ದಾರಿ ಮುಚ್ಚಿಕೊಳ್ಳುವಷ್ಟರಲ್ಲಿ ಅದು ಶ್ವಾಸಕೋಶಕ್ಕೆ ಇಳಿದಿರುತ್ತದೆ. ಗಟ್ಟಿಯಾಗಿದ್ದರೆ ನಿಧಾನವಾಗಿ ಹೋಗುತ್ತದೆ, ಅಪಾಯ ಕಡಿಮೆ. ಆಲೂಗಡ್ಡೆ ಬೇಯಿಸಿ, ಜರಡಿಯಲ್ಲಿ ಉಜ್ಜಿ, ಗಂಟಿಲ್ಲದ ಹಾಗೆ ಸೂಪಿಗೆ ಬೆರೆಸು. ಚಮಚ ಓರೆ ಮಾಡಿದರೆ ಸುರಿಯಬಾರದು, ಮುದ್ದೆಯಾಗಿ ಬೀಳಬೇಕು. ನೆಟ್ಟಗೆ ಕೂರಿಸು, ಗದ್ದ ಎದೆಗೆ ತಾಗಿಸಿ ನುಂಗಲು ಹೇಳು. ಅರ್ಧ ಚಮಚ ಕೊಟ್ಟು, ನುಂಗಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಇನ್ನರ್ಧ. ಜ್ವರ ಇದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಅವರು ಇಳಿಯಲ್ಲ ಅಂದದ್ದು ಇಳಿಯಲ್ಲ ಅಂತಲೇ.

ಇಲ್ಲಿ ಪರೀಕ್ಷೆಯ ಸಮಯ, ವಾರ್ಡನ್ ರಜೆ ಕೊಡುವುದಿಲ್ಲ ಎಂದರು. ಕೊಡದಿದ್ದರೂ ಬಂದೇನು. ಆದರೆ ಅವರಿಗೆ ಬೇಡವಾಗಿರುವಾಗ ಆ ಮನೆಯ ಹೊಸ್ತಿಲಿಗೆ ಬಂದು ನಿಲ್ಲಲಾರೆ. ನೀನು ಬಾ ಅಂದರೆ ಬರುತ್ತೇನೆ.

ಅಮ್ಮ


ಮಾರ್ಚ್ 2

ಇಣುಕಿ,

ಹನ್ನೊಂದು ದಿನವಾಯಿತು. ತಂತಿ ತಲುಪಿದೆ ಎಂದು ಅಂಚೆ ಕಚೇರಿಯವರು ಹೇಳುತ್ತಾರೆ, ದಿನಾ ಕೇಳಿ ಕೇಳಿ ನನ್ನ ಮುಖ ಕಂಡರೆ ಆತ ತಾನಾಗಿಯೇ ತಲೆಯಾಡಿಸುತ್ತಾನೆ. ಎರಡು ಸಾಲು ಸಾಕು. ನಿನ್ನೆ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತೆ, ನೂರ ಅರವತ್ತು ಹುಡುಗಿಯರು ಮಾತಿಲ್ಲದೆ ಉಂಡರು. ಅವರಿಗೆ ಯಾರು ಏನು ಹೇಳಿದ್ದಾರೋ.

ಅಮ್ಮ


ಮಾರ್ಚ್ 7

ಅಮ್ಮನವರಿಗೆ,

ತಡವಾದದ್ದಕ್ಕೆ ಕ್ಷಮಿಸಿ. ಅಪ್ಪ ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ನೋವು ಪಡಲಿಲ್ಲ.

ನಿಮ್ಮ ತಂತಿ ಸರಿಯಾದ ಸಮಯಕ್ಕೆ ಬಂತು. ಬಂದ ದಿನವೇ ತಿಳಿ ಸೂಪು ನಿಲ್ಲಿಸಿದೆ. ನೀವು ಬರೆದ ಹಾಗೆಯೇ ಆಲೂಗಡ್ಡೆ ಜರಡಿ ಹಿಡಿದು ಗಟ್ಟಿ ಮಾಡಿ ಕೊಟ್ಟೆ. ಕೊನೆಯ ನಾಲ್ಕು ದಿನ ಚೆನ್ನಾಗಿ ತಿಂದರು. ಕೆಮ್ಮು ಇರಲಿಲ್ಲ. ಜ್ವರವೂ ಬಿಟ್ಟಿತ್ತು. ಆದ್ದರಿಂದ ಸೂಪಿಗೂ ಇದಕ್ಕೂ ಸಂಬಂಧವಿಲ್ಲ. ನೀವು ಬೇರೆ ಏನೂ ಯೋಚಿಸಬಾರದು.

ಮಾಡಬೇಕಾದ ಕೆಲಸಗಳನ್ನೆಲ್ಲ ಫಿಟ್ಟರ್ ಮಾವ ಮುಂದೆ ನಿಂತು ಮಾಡಿಸಿದರು. ನಾನು ಪ್ರೆಸ್ಸಿಗೆ ಹೋಗುತ್ತಿದ್ದೇನೆ. ಒಂದು ದಪ್ಪ ನಿಘಂಟಿನ ಪ್ರೂಫು ಬಂದಿದೆ, ಒಳ್ಳೆಯದಾಯಿತು.

ನಿಮ್ಮ ಮಗಳು


ಮಾರ್ಚ್ 15

ಇಣುಕಿ,

ಮತ್ತೆ "ಅಮ್ಮನವರು" ಆದೆ. ಅದನ್ನು ಓದಿದಾಗಲೇ ಮುಂದಿನ ಸಾಲುಗಳನ್ನು ನಂಬಬಾರದು ಅನ್ನಿಸಿತು.

ಫಿಟ್ಟರಣ್ಣನ ಕಾಗದ ಹತ್ತನೇ ತಾರೀಖು ಬಂತು, ನಿನ್ನದು ಹದಿಮೂರಕ್ಕೆ. ಫೆಬ್ರವರಿ ಹದಿನಾರರಂದೇ ಅವರನ್ನು ಆಸ್ಪತ್ರೆಗೆ ಸೇರಿಸಿದಿರಂತೆ. ಶ್ವಾಸಕೋಶ ಎರಡೂ ತುಂಬಿಕೊಂಡಿದ್ದವಂತೆ. ಎಂಟು ದಿನ ಮೂಗಿಗೆ ನಳಿಗೆ ಹಾಕಿದ್ದರಂತೆ. ನನ್ನ ತಂತಿ ಇಪ್ಪತ್ತಕ್ಕೆ ಬಂದು ಬೀಗ ಹಾಕಿದ ಬಾಗಿಲ ಕೆಳಗೆ ಬಿದ್ದಿತ್ತು. ಹಾಗಾದರೆ ನಾಲ್ಕು ದಿನ ಜರಡಿ ಹಿಡಿದ ಆಲೂಗಡ್ಡೆ ತಿಂದವರು ಯಾರು? ನನಗೋಸ್ಕರ ಹೀಗೆ ಬರೆದೆ, ಗೊತ್ತು. ಇನ್ನು ಬರೆಯಬೇಡ.

ಈಗ ನನ್ನದು ಕೇಳು. ಫಿಟ್ಟರಣ್ಣ ನನಗೆ ಬರೆದದ್ದು ಇದೇ ಮೊದಲಲ್ಲ. ನವೆಂಬರ್ ಇಪ್ಪತ್ತನೇ ತಾರೀಖಿನ ಒಂದು ಕಾಗದ ನನ್ನ ಹತ್ತಿರ ಇದೆ. "ಅತ್ತಿಗೆ, ಅವನು ಬಿದ್ದಿದ್ದಾನೆ, ಬಲಗೈ ಹೋಗಿದೆ, ಮಾತು ತೊದಲುತ್ತಾನೆ, ಮಗಳೊಬ್ಬಳೇ ಒದ್ದಾಡುತ್ತಿದ್ದಾಳೆ" ಎಂದು ಬರೆದಿದ್ದ. ಹಿಟ್ಟಿನ ಡಬ್ಬದ ಕೆಳಗೆ ಇಟ್ಟುಬಿಟ್ಟೆ. ನೀನು ಬರೆಯಲಿ ಎಂದು ಕಾದೆ. ನೀನು ಬರೆದೆ, ಆದರೆ ಸೂಪಿನ ಬಗ್ಗೆ ಬರೆದೆ.

ಇಳಿಯಲ್ಲ ಎಂದು ಓದಿದಾಗ ನನಗೆ ಅವರ ಕಾಯಿಲೆ ಗೊತ್ತಿತ್ತು. ಗೊತ್ತಿದ್ದೂ ಕೇಳಿಸಿದ್ದು ಆ ನಾಲ್ವರ ನಗು ಮಾತ್ರ. ಕೆಮ್ಮುತ್ತಾರೆ ಎಂದು ಬರೆದೆಯಲ್ಲ, ಅವತ್ತೇ ನರ್ಸಮ್ಮನ ಕೋಣೆಗೆ ಹೋಗಬಹುದಿತ್ತು. ಅಡುಗೆಮನೆಯಿಂದ ನಲವತ್ತು ಹೆಜ್ಜೆ. ಹೋಗಿದ್ದರೆ ಅವರಿಗೆ ಏನಾಗಿದೆ ಎಂದು ನನ್ನ ಬಾಯಿಂದ ಹೇಳಬೇಕಾಗುತ್ತಿತ್ತು. ಅವರೇ ಹೇಳಿ ಕಳಿಸಲಿ, ನಾನೇಕೆ ಮೊದಲು ಬಾಯಿ ಬಿಡಲಿ ಎಂದು ಕೂತೆ. ಅದರ ಬದಲು ತಿಳಿ ಸೂಪು ಬರೆದೆ. ಅವರು ಸೋಲಬೇಕು ಎಂದೇ ಬರೆದೆ, ಇಣುಕಿ. ಒಂದು ಸಲವಾದರೂ ಇಳಿಯಿತು ಅನ್ನಲಿ ಎಂದು.

ನೀನು ಬರೆದ ಆ ಕಣ್ಣೀರು ಏನೆಂದು ನನ್ನನ್ನು ನಾನು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಉತ್ತರ ಗೊತ್ತಿರುವುದರಿಂದ.

ವಾರ್ಡನ್ ಈಗ ರಜೆ ಕೊಟ್ಟಿದ್ದಾರೆ. ಸೋಮವಾರ ಇಪ್ಪತ್ತೇಳರ ಮಧ್ಯಾಹ್ನದ ಗಾಡಿಗೆ ಅಲ್ಲಿ ಇಳಿಯಬಹುದು. ಬೇಡವೆಂದರೆ ಬರುವುದಿಲ್ಲ. ಬೇಡ ಅನ್ನುವುದಾದರೆ ಅದನ್ನು ನೆಟ್ಟಗೆ ಬರೆ.

ಅಮ್ಮ


ಮಾರ್ಚ್ 21

ಅಮ್ಮಾ,

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲಿ ಓದಿದೆ. ಮಾಲೀಕರು ಮನೆಗೆ ಹೋಗು ಎಂದರು. ಹೋಗಲಿಲ್ಲ, ನಿಘಂಟಿನ ಇನ್ನೆರಡು ಹಾಳೆ ತಿದ್ದಿದೆ. ಆಮೇಲೆ ನೋಡಿದರೆ ಅದರಲ್ಲಿ ಒಂದು ತಪ್ಪನ್ನೂ ಗುರುತು ಮಾಡಿರಲಿಲ್ಲ.

ನಿನಗೆ ಗೊತ್ತಿತ್ತು ಎಂದು ಓದಿ ಮೊದಲು ಬಂದದ್ದು ಸಿಟ್ಟು. ಅದು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಫಿಟ್ಟರ್ ಮಾವನಿಗೂ ತಿಳಿಯದ್ದು ಒಂದಿದೆ, ಅದನ್ನು ನೀನು ತಿಳಿದುಕೊಳ್ಳಬೇಕು.

ಆಸ್ಪತ್ರೆಯ ಚಿಕ್ಕ ಡಾಕ್ಟರು ನನ್ನನ್ನು ಹೊರಗೆ ಕರೆದು ಕೇಳಿದರು:

"ನುಂಗೋಕೆ ಆಗ್ತಿಲ್ಲ ಅಂತ ಒಂದ್ಸಲನಾದ್ರೂ ಹೇಳಿದ್ರಾ?"

"ದಿನಾ ಹೇಳ್ತಿದ್ರು."

"ಮತ್ತೆ?"

ಅದು ನಮ್ಮ ಅಪ್ಪನ ತಮಾಷೆ ಎಂದು ಅವರಿಗೆ ಹೇಗೆ ಹೇಳುವುದು? ಇಪ್ಪತ್ತೈದು ವರ್ಷ ಆಡಿದ ತಮಾಷೆ, ಅದಕ್ಕೆ ಒಬ್ಬಳು ಮನೆ ಬಿಟ್ಟು ಹೋಗಿದ್ದಾಳೆ ಎಂದು ಹೇಗೆ ಹೇಳುವುದು? ಅವರು ನನ್ನನ್ನು ದಡ್ಡಿ ಎಂದುಕೊಂಡು ಒಳಗೆ ಹೋದರು.

ಇನ್ನೊಂದು. ಫೆಬ್ರವರಿ ಹದಿನಾಲ್ಕು, ಹದಿನೈದರಂದು ಅಪ್ಪ ಇಳಿಯಲ್ಲ ಅನ್ನಲಿಲ್ಲ. ಅನ್ನುವ ಶಕ್ತಿ ಇರಲಿಲ್ಲ. ಎಡಗೈಯಿಂದ ಚಮಚ ತಳ್ಳಿದರು. ಹಠ ಎಂದುಕೊಂಡೆ. ಅವರ ಕೈಯನ್ನು ಕುರ್ಚಿಯ ಕೈಗೆ ಒತ್ತಿ ಹಿಡಿದು, ಇನ್ನೊಂದೇ ಚಮಚ ಅಪ್ಪ, ಇನ್ನೊಂದೇ ಚಮಚ ಎಂದು ಕುಡಿಸಿದೆ. ಬಟ್ಟಲು ಖಾಲಿಯಾಯಿತು ಎಂದು ನಿನಗೆ ಬರೆಯಬೇಕಿತ್ತು. ನಿನ್ನ ಕಾಗದಗಳು ಹೆಚ್ಚು ಹೆಚ್ಚು ಉದ್ದವಾಗುತ್ತಿದ್ದವು. ಅದಕ್ಕೆ ಕುಡಿಸಿದೆ.

ನಿನ್ನ ತಪ್ಪು ದೊಡ್ಡದೋ ನನ್ನದೋ ಎಂದು ಅಳೆಯಲು ನನಗೆ ಬರುವುದಿಲ್ಲ. ಅಳತೆಯ ಕೆಲಸ ಅಪ್ಪನದಾಗಿತ್ತು.

ಸೋಮವಾರ ಬಾ. ನಿಲ್ದಾಣಕ್ಕೆ ನಾನು ಬರಲಾಗುವುದಿಲ್ಲ, ಪ್ರೆಸ್ಸಿನಿಂದ ಮನೆ ಸೇರುವಾಗ ಆರಾಗುತ್ತದೆ. ಬೀಗದಕೈ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವಾಕೆಯ ಹತ್ತಿರ ಇರುತ್ತದೆ, ನನ್ನ ಹೆಸರು ಹೇಳಿದರೆ ಕೊಡುತ್ತಾಳೆ. ನಲ್ಲಿಯಲ್ಲಿ ನೀರು ನಾಲ್ಕರವರೆಗೆ ಬರುತ್ತದೆ, ಕೈಕಾಲು ತೊಳೆದುಕೊ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಕೊಳ್ಳಬಹುದು, ಬೇರೆ ಕುರ್ಚಿ ಇಲ್ಲ. ಬಂದ ಮೇಲೆ ನಾನು ಮಾತಾಡದೇ ಇರಬಹುದು, ಅದಕ್ಕೆ ಎದ್ದು ಹೊರಟುಬಿಡಬೇಡ. ಹಸಿವಾದರೆ ತಡೆದುಕೊ, ನಾನು ಬರುವಾಗ ಬ್ರೆಡ್ ತರುತ್ತೇನೆ.

ನಾನು ಬರುವವರೆಗೆ ಒಲೆ ಹಚ್ಚಬೇಡ.

ಇಣುಕಿ